ಓದುಗರ ಪ್ರಶ್ನೆ, ಅಕ್ಕನ ಉತ್ತರ: ಅಂಗಡಿ ಸೈಟಿಗೆ ದುಡ್ಡು ಕೊಟ್ಟು ಥೀಮ್ ತರಬೇಕಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಥೀಮ್, ಅಂದರೆ ವೆಬ್‌ಸೈಟಿಗೆ ಹಾಕುವ ಸಿದ್ಧ ವಿನ್ಯಾಸ. ಹಾಗಾಗಿ ಮೊಬೈಲ್, ಪ್ರಿಂಟರ್ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮ್ಮದು ಸೀರೆ ನೇಯುವ ಮನೆ. ಅಪ್ಪ, ಚಿಕ್ಕಪ್ಪ ಸೇರಿ ನಾಲ್ಕು ಮಗ್ಗ ನಡೆಸುತ್ತಾರೆ. ಇಷ್ಟು ದಿನ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಮಾರುತ್ತಿದ್ದೆವು. ಈಗ ಸ್ವಂತ ವೆಬ್‌ಸೈಟ್ ಮಾಡಿಸೋಣ ಅಂತ. ಚಿತ್ರದುರ್ಗದ ಹುಡುಗನೊಬ್ಬ ವರ್ಡ್‌ಪ್ರೆಸ್ ಅನ್ನುವ, ಸೈಟು ಕಟ್ಟುವ ತಂತ್ರಾಂಶದಲ್ಲಿ ಮಾಡಿಕೊಡುತ್ತಾನಂತೆ. 69 ಡಾಲರಿನ ಒಂದು ಪ್ರೀಮಿಯಂ ಥೀಮ್ ತೋರಿಸಿದ. ಒಳಗೆ 40 ಡಿಸೈನ್ ಇವೆ, ನೋಡಲು ತುಂಬಾ ಚೆನ್ನಾಗಿದೆ. ಅಪ್ಪ ಮಾತ್ರ "ಆ ದುಡ್ಡಿಗೆ ಒಂದಿಷ್ಟು ಜರಿನಾದರೂ ಬರ್ತಿತ್ತು" ಅಂತಾರೆ. ತಗೊಳ್ಳಲಾ, ಬಿಡಲಾ?
ನೇಕಾರರ ಮಗಳು, ಮೊಳಕಾಲ್ಮುರು

ಉತ್ತರ: ತಂಗಿ, ಅಪ್ಪ ಹೇಳಿದ್ದು ಅರ್ಧ ಸರಿ. ಈಗಲೇ ತಗೋಬೇಡ. ಮುಂದೆಂದೂ ಬೇಡ ಅಂತಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಸೈಟು ಮಾಡುವ ಕೆಲಸಕ್ಕೆ ಬರುವ ಮುಂಚೆ ನಾನು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ 14 ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವಳು. ಗಿರಾಕಿಗಳು ಬಂದು ಸ್ಯಾಂಪಲ್ ಆಲ್ಬಮ್ ತಿರುವುತ್ತಾರೆ. ಒಂದು ಕಾರ್ಡ್ ಹಿಡಿದು "ಇದೇ ಬೇಕು" ಅಂತಾರೆ. ಸ್ಯಾಂಪಲ್ಲಿನಲ್ಲಿ ವರನ ಹೆಸರು ಎರಡಕ್ಷರ, ವಧುವಿನದು ಮೂರಕ್ಷರ, ಸುತ್ತ ಬೇಕಾದಷ್ಟು ಖಾಲಿ ಜಾಗ. ಆಮೇಲೆ ಜೇಬಿನಿಂದ ಚೀಟಿ ಹೊರಗೆ ಬರುತ್ತದೆ. ತಾತ, ಅಜ್ಜಿ, ದೊಡ್ಡಪ್ಪ, ಸೋದರಮಾವ, ಕೊನೆಗೆ ಸುಖಾಗಮನ ಬಯಸುವವರು 34 ಜನ. ಅಷ್ಟನ್ನೂ ತುಂಬಿದ ಮೇಲೆ ಕಾರ್ಡ್ ಮತದಾರರ ಪಟ್ಟಿ ಥರ ಕಾಣುತ್ತದೆ. "ಆಲ್ಬಮ್ಮಲ್ಲಿ ಹೀಗಿರಲಿಲ್ಲವಲ್ರೀ" ಅಂತ ನನ್ನ ಮೇಲೇ ಸಿಟ್ಟು. ನೀನು ನೋಡಿದ ಡೆಮೊ, ಅಂದರೆ ಥೀಮಿನವರು ತೋರಿಸಲು ಇಟ್ಟಿರುವ ಮಾದರಿ ಸೈಟು ಕೂಡ ಆ ಸ್ಯಾಂಪಲ್ ಆಲ್ಬಮ್ಮೇ. ಅಲ್ಲಿರುವುದು ಚಿಕ್ಕ ಚಿಕ್ಕ ಇಂಗ್ಲಿಷ್ ಪದಗಳು ಮತ್ತು ದುಬಾರಿ ಫೋಟೋಗಳು. ನಿನ್ನ ಸೈಟಿನಲ್ಲಿ ಅವೆರಡೂ ಇರುವುದಿಲ್ಲ.

ಫೋಟೋ ವಿಷಯ ಮೊದಲು ಹೇಳಿಬಿಡುತ್ತೇನೆ, ಅದರಲ್ಲಿ ನನಗೆ ಪೆಟ್ಟು ಬಿದ್ದಿದೆ. ಕೆಲವು ವರ್ಷದ ಹಿಂದೆ ಒಂದು ನರ್ಸಿಂಗ್ ಹೋಮಿನವರಿಗೆ ಸೈಟು ಮಾಡಿಕೊಟ್ಟೆ. ಡೆಮೊದಲ್ಲಿ ಬಿಳಿ ಕೋಟು ಹಾಕಿದ ಡಾಕ್ಟರುಗಳು, ನಗುವ ಮಗು, ಬೆಳಕು ತುಂಬಿದ ವಾರ್ಡು. 59 ಡಾಲರ್ ಕಟ್ಟಿ ಇನ್‌ಸ್ಟಾಲ್ ಮಾಡಿದರೆ ಫೋಟೋ ಇದ್ದ ಕಡೆಯೆಲ್ಲ ಬೂದು ಬಣ್ಣದ ಚೌಕ. ಡೆಮೊದ ಚಿತ್ರಗಳು ಥೀಮಿನ ಜೊತೆ ಬರುವುದಿಲ್ಲ ಅಂತ ಮಾರಾಟದ ಪುಟದ ಕೆಳಗೆ ಬರೆದಿತ್ತು. ನಾನು ಓದಿರಲಿಲ್ಲ. ಯಜಮಾನರು ಬಂದು ಪರದೆ ನೋಡಿ, "ಡಾಕ್ಟ್ರು ಎಲ್ಲಿ ಹೋದ್ರಮ್ಮ?" ಅಂದರು. ಅವರದೇ ವಾರ್ಡಿನ ಟ್ಯೂಬ್‌ಲೈಟ್ ಬೆಳಕಿನ ಫೋಟೋ ಹಾಕಿದೆವು. ಅದೇ ಥೀಮು ಅಂತ ಗುರುತೇ ಸಿಗಲಿಲ್ಲ.

ನಿನ್ನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹುಡುಗ ತೋರಿಸಿದ ಡೆಮೊದಲ್ಲಿ ಗೌನು ಹಾಕಿಕೊಂಡು ನಿಂತ ಮಾಡೆಲ್‌ಗಳು ಇರಬೇಕು, ಅಲ್ವಾ? ಅವು ಉದ್ದುದ್ದ ಚಿತ್ರಗಳು. ನಿಮ್ಮ ಮನೆಯಲ್ಲಿ ಸೀರೆ ಫೋಟೋ ತೆಗೆಯುವುದು ಮಡಿಸಿ ಮಂಚದ ಮೇಲೆ ಹರಡಿ. ಅದು ಅಡ್ಡ ಚಿತ್ರ. ಜಾಸ್ತಿ ಥೀಮುಗಳು ಎಲ್ಲ ಚಿತ್ರವನ್ನೂ ಒಂದೇ ಅಳತೆಗೆ ಕತ್ತರಿಸುತ್ತವೆ. ನಡುವಿನ ಭಾಗ ಉಳಿಸಿಕೊಂಡು ಎರಡೂ ಬದಿ ಹಾರಿಸಿಬಿಡುತ್ತವೆ. ಮೊಳಕಾಲ್ಮುರು ಸೀರೆ ಕೊಳ್ಳುವವರು ಮೊದಲು ನೋಡುವುದು ಅಂಚು, ಆಮೇಲೆ ಸೆರಗು. ಅವೆರಡೂ ಕತ್ತರಿಸಿ ಹೋಗಿ ನಡುವಿನ ಒಡಲು ಮಾತ್ರ ಉಳಿದರೆ ಯಾವ ಊರಿನ ಸೀರೆ ಅಂತ ಹೇಳುವುದು? ಅದಕ್ಕೇ ಹುಡುಗನನ್ನು ಒಂದು ಪ್ರಶ್ನೆ ಕೇಳು: "ಪ್ರಾಡಕ್ಟ್ ಚಿತ್ರ ಕತ್ತರಿಸದೆ ಪೂರ್ತಿ ತೋರಿಸುವ ಆಯ್ಕೆ ಇದೆಯಾ?" ಇದೆ ಅಂದರೆ ಎಲ್ಲಿದೆ ಅಂತ ತೋರಿಸಲಿ. ಮತ್ತೆ, ಚಿತ್ರದ ಮೇಲೆ ಬೆರಳಿಟ್ಟು ದೊಡ್ಡದು ಮಾಡಿ ನೋಡಲು ಬರಬೇಕು. ನೇಯ್ಗೆ ಹತ್ತಿರದಿಂದ ಕಾಣದಿದ್ದರೆ ರೇಷ್ಮೆ ಸೀರೆಗೆ ಯಾರು ಅಷ್ಟು ಬೆಲೆ ಕೊಡುತ್ತಾರೆ? ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಲೇಬಲ್, ಊರಿನ ಹೆಸರು ಕಾಯುವ ಜಿಐ ಗುರುತು ತೋರಿಸಲು ಬೆಲೆಯ ಪಕ್ಕದಲ್ಲೇ ಜಾಗ ಇದ್ದರೆ ಒಳ್ಳೆಯದು.

ಎರಡನೆಯದು ಕನ್ನಡ. ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ದುಡ್ಡು ಕಟ್ಟುವ ಮುಂಚೆಯೇ ನೀನು ಮಾಡಬಹುದು, ಐದು ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಡೆಮೊ ಪುಟಕ್ಕೆ ಹೋಗು. ದೊಡ್ಡ ತಲೆಬರಹದ ಮೇಲೆ ಮೌಸ್ ಇಟ್ಟು ಬಲಗಡೆ ಗುಂಡಿ ಒತ್ತು. ಪಟ್ಟಿಯ ಕೊನೆಯಲ್ಲಿ ಇನ್‌ಸ್ಪೆಕ್ಟ್ ಅಂತ ಇರುತ್ತದೆ. ಒತ್ತಿದರೆ ಪಕ್ಕದಲ್ಲಿ ಕೋಡ್ ತೆರೆದುಕೊಂಡು ಒಂದು ಸಾಲು ಬಣ್ಣ ಬಳಿದುಕೊಂಡಿರುತ್ತದೆ. ಹೆದರಬೇಡ. ಅದರಲ್ಲಿನ ಇಂಗ್ಲಿಷ್ ಅಕ್ಷರದ ಮೇಲೆ ಎರಡು ಸಲ ಕ್ಲಿಕ್ ಮಾಡಿ "ಮೊಳಕಾಲ್ಮುರು ರೇಷ್ಮೆ ಸೀರೆ" ಅಂತ ಹಾಕಿ ಎಂಟರ್ ಒತ್ತು. ಡೆಮೊದಲ್ಲೇ ನಿನ್ನ ಕನ್ನಡ ಬಂದುಬಿಡುತ್ತದೆ. ಯಾರ ಸೈಟೂ ಹಾಳಾಗುವುದಿಲ್ಲ, ಪುಟ ರಿಫ್ರೆಶ್ ಮಾಡಿದರೆ ಮೊದಲಿನಂತೆ ಆಗುತ್ತದೆ.

ಈಗ "ಷ್ಮೆ"ಯ ಕೆಳಗಿನ ಒತ್ತನ್ನು ನೋಡು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ಕಡಿಮೆ. ನಮಗೆ ಒತ್ತಕ್ಷರ ಒಂದು ಮಹಡಿ ಕೆಳಗೇ ಇರುತ್ತದೆ. ಸಾಲುಗಳ ನಡುವೆ ಜಾಗ ಬಿಡದ ಥೀಮಿನಲ್ಲಿ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಇನ್ನು ಕೆಲವು ಥೀಮು ಪ್ಯಾರಾದ ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡುತ್ತವೆ. "ಶ್ರೀ" ಅಂತ ಶುರು ಮಾಡಿದರೆ ಅದು ಒಡೆದು ಅರ್ಧ ದೊಡ್ಡದು, ಅರ್ಧ ಚಿಕ್ಕದು ಆಗಬಹುದು. ಲಗ್ನಪತ್ರಿಕೆಯಲ್ಲಿ ಹಾಗೆ ಮಾಡಿದ್ದರೆ ನನ್ನನ್ನು ಪ್ರೆಸ್ಸಿನಿಂದ ಓಡಿಸುತ್ತಿದ್ದರು.

ಫಾಂಟನ್ನೂ ಕೇಳು. ಡೆಮೊದ ಚೆಂದದ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ. ಆಗ ಫೋನು, ಕಂಪ್ಯೂಟರು ತಮ್ಮಲ್ಲಿರುವ ಯಾವುದೋ ಕನ್ನಡ ಫಾಂಟ್ ತೋರಿಸುತ್ತವೆ, ಒಂದೊಂದರಲ್ಲಿ ಒಂದೊಂದು ಥರ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಎಲ್ಲ ಪುಕ್ಕಟೆ ಸಿಗುತ್ತವೆ. "ಬೆಣ್ಣೆ" ಅನ್ನುವ ಫಾಂಟೂ ಇದೆ. ದಾವಣಗೆರೆಯವಳಾಗಿ ಅದನ್ನು ಹೇಳದೆ ಬಿಡಲು ಮನಸ್ಸು ಬರಲಿಲ್ಲ. ತಲೆಬರಹಕ್ಕೊಂದು, ಒಳಬರಹಕ್ಕೊಂದು ಅಂತ ಇವನ್ನು ಆರಿಸಲು ಥೀಮಿನ ಸೆಟ್ಟಿಂಗ್‌ನಲ್ಲೇ ಬಂದರೆ ಸರಿ. ಒಂದು ಮಾತು: ಅಂಗಡಿಯ ಹಳೆಯ ಮ್ಯಾಟರು "ನುಡಿ", "ಬರಹ" ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಯಾವ ಥೀಮು ತಂದರೂ ಇಂಗ್ಲಿಷ್ ಅಕ್ಷರದ ಚಿತ್ರಾನ್ನವೇ.

ವೇಗಕ್ಕೆ ಬಂದರೆ, ನಿನ್ನ ಗಿರಾಕಿ ಸೀರೆ ನೋಡುವುದು ಬಸ್ಸಿನಲ್ಲಿ ಕೂತು, ಫೋನಿನಲ್ಲಿ. ಡೆಮೊ ವಿಳಾಸವನ್ನು ಮನೆಯಲ್ಲಿರುವ ಅತಿ ಹಳೆಯ ಆಂಡ್ರಾಯ್ಡ್ ಫೋನಿಗೆ ಕಳಿಸಿ, ವೈಫೈ ಆಫ್ ಮಾಡಿ ತೆರೆದು ನೋಡು. ಆಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಅದೇ ವಿಳಾಸ ಹಾಕು. ಡೆಮೊ ಪುಟದ ಮೇಲ್ಗಡೆ ಮಾರಾಟದವರ ಅಡ್ಡಪಟ್ಟಿ ಇದ್ದರೆ ಮೊದಲು ಅದನ್ನು ತೆಗೆದು ಬರಿಯ ಡೆಮೊ ವಿಳಾಸ ಹಾಕಬೇಕು. ಮೊಬೈಲ್ ವಿಭಾಗದಲ್ಲಿ ಎಲ್‌ಸಿಪಿ ಅಂತ ಒಂದು ಅಂಕಿ ಬರುತ್ತದೆ. ಪುಟದ ದೊಡ್ಡ ಚಿತ್ರವೋ ಬರಹವೋ ಕಾಣಿಸಿಕೊಳ್ಳಲು ಹಿಡಿದ ಸಮಯ ಅದು. 2.5 ಸೆಕೆಂಡಿನೊಳಗೆ ಇದ್ದರೆ ಗೂಗಲ್ ಲೆಕ್ಕದಲ್ಲಿ ಚೆನ್ನಾಗಿದೆ. ಡೆಮೊ ಇರುವುದು ಒಳ್ಳೆಯ ಸರ್ವರಿನಲ್ಲಿ. ಅಲ್ಲೇ 6-7 ಸೆಕೆಂಡ್ ಹಿಡಿದರೆ, ನೀನು ಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಏನಾಗಬಹುದು ಲೆಕ್ಕ ಹಾಕು. ಆ 40 ಡಿಸೈನ್ ಅಂದೆಯಲ್ಲ, ಅಷ್ಟಕ್ಕೆಲ್ಲ ಬೇಕಾದ ಸಾಮಾನು ಒಳಗೆ ತುಂಬಿರುವುದೂ ಭಾರಕ್ಕೆ ಒಂದು ಕಾರಣ. ನಿನಗೆ ಬೇಕಾಗಿದ್ದು ಒಂದೇ ಡಿಸೈನು.

ಜೊತೆಗೆ ಬರುವ "ಉಚಿತ" ಪ್ಲಗಿನ್‌ಗಳ ಬಗ್ಗೆ ಹುಷಾರು. ಪ್ಲಗಿನ್ ಅಂದರೆ ಸೈಟಿಗೆ ಹೆಚ್ಚಿನ ಕೆಲಸ ಸೇರಿಸುವ ಚಿಕ್ಕ ತಂತ್ರಾಂಶ. ಥೀಮಿನವರು ಬೇರೆಯವರ ಪ್ಲಗಿನ್ ಕೊಂಡು ಒಳಗೆ ಸೇರಿಸಿರುತ್ತಾರೆ. ಅದರ ಅಪ್‌ಡೇಟ್ ನಿನಗೆ ನೇರ ಬರುವುದಿಲ್ಲ, ಅವರು ಕಳಿಸಿದಾಗ ಮಾತ್ರ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್‌ನಲ್ಲಿ ಒಂದು ತೂತು ಇತ್ತು. ಪ್ಲಗಿನ್ ಮಾಡಿದವರು ಸರಿ ಮಾಡಿದ್ದರು. ಆದರೆ ಥೀಮಿನ ಹೊಟ್ಟೆಯೊಳಗೆ ಹಳೆಯ ಪ್ರತಿ ಇದ್ದ ಸಾವಿರಾರು ಜನಕ್ಕೆ ಅದು ತಮ್ಮ ಸೈಟಿನಲ್ಲಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ಸೋಕ್‌ಸೋಕ್ ಅನ್ನುವ ಮಾಲ್‌ವೇರ್ ಅದೇ ತೂತಿನಿಂದ 1 ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ನುಗ್ಗಿತು. ಗೂಗಲ್ 11,000ಕ್ಕೂ ಹೆಚ್ಚು ವಿಳಾಸಗಳನ್ನು ಅಪಾಯದ ಪಟ್ಟಿಗೆ ಹಾಕಿತು. ಅದಕ್ಕೇ ಥೀಮಿನ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡು. ವರ್ಷದಿಂದ ಸುಮ್ನೆ ಬಿದ್ದಿದ್ದರೆ ಮುಟ್ಟಬೇಡ, ಎಷ್ಟು ಚೆಂದ ಇದ್ದರೂ.

ಬಿಟ್ಟು ಹೋಗುವ ದಿನದ ಯೋಚನೆಯೂ ಇರಲಿ. ಮೂರು ವರ್ಷ ಆದ ಮೇಲೆ ಬೇರೆ ಥೀಮ್ ಹಾಕಬೇಕು ಅನಿಸುತ್ತದೆ. ಪುಟ ಜೋಡಿಸಲು ಬಳಸುವ ಕೆಲವು ಪೇಜ್ ಬಿಲ್ಡರ್ ಪ್ಲಗಿನ್‌ಗಳಲ್ಲಿ ಕಟ್ಟಿದ ಪುಟ, ಆ ಬಿಲ್ಡರ್ ತೆಗೆದ ಕೂಡಲೇ ಚೌಕ ಕಂಸದೊಳಗಿನ ಗೀಚುಗಳಾಗಿ ಉಳಿಯುತ್ತದೆ. ನಿನ್ನ ಬರಹವನ್ನು ಅದರ ನಡುವಿನಿಂದ ಆರಿಸಿಕೊಳ್ಳಬೇಕು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಥೀಮು ವರ್ಡ್‌ಪ್ರೆಸ್‌ನದೇ ಬ್ಲಾಕ್ ಎಡಿಟರಿನಲ್ಲಿ ನಡೆಯುತ್ತದಾ ಅಂತ ಕೇಳು. ಹೌದು ಅಂದರೆ ಈ ತಲೆನೋವು ಕಡಿಮೆ.

ಈಗ ದುಡ್ಡು. ಥೀಮ್ ಮಾರುವ ಥೀಮ್‌ಫಾರೆಸ್ಟ್‌ನಂಥ ಸೈಟುಗಳಲ್ಲಿ ಸಾಮಾನ್ಯ ಲೈಸೆನ್ಸ್ ಅಂದರೆ ಒಂದೇ ಸೈಟಿಗೆ. ಚಿಕ್ಕಪ್ಪನ ಹೆಸರಲ್ಲಿ ಇನ್ನೊಂದು ಸೈಟು ಮಾಡಿದರೆ ಇನ್ನೊಂದು ಕೊಳ್ಳಬೇಕು. ಸೀರೆ ಮಾರುವ ಅಂಗಡಿಗೆ ಸಾಮಾನ್ಯ ಲೈಸೆನ್ಸೇ ಸಾಕು, ದುಬಾರಿಯದು ಬೇಡ. ಬಿಲ್ಲಿನಲ್ಲಿ ತೆರಿಗೆ ಸೇರಬಹುದು. ಮತ್ತೆ ಬ್ಯಾಂಕಿನ ಕಾರ್ಡ್: 2020ರಿಂದ ಹೊಸದಾಗಿ ಕೊಡುವ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಆಫ್ ಇರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಕೊಂಡ ಮೇಲೆ ಮತ್ತೆ ಆಫ್ ಮಾಡಿಬಿಡು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ವರ್ಡ್‌ಪ್ರೆಸ್ ಸೈಟಿನಲ್ಲಿ ಅಂಗಡಿ ನಡೆಸಲು ವೂಕಾಮರ್ಸ್ ಅನ್ನುವ ಪ್ಲಗಿನ್ ಇದೆ. ಅವರದೇ ಸ್ಟೋರ್‌ಫ್ರಂಟ್ ಅನ್ನುವ ಪುಕ್ಕಟೆ ಥೀಮ್ ಇದೆ. ನೋಡಲು ಸಾದಾ. ಅದರಲ್ಲಿ ಇಪ್ಪತ್ತು ಸೀರೆ ಹಾಕಿ ಎರಡು ತಿಂಗಳು ನಡೆಸು. ಆ 69 ಡಾಲರನ್ನು ಫೋಟೋಗೆ ಹಾಕು: ಎರಡು ಒಳ್ಳೆಯ ದೀಪ, ಒಂದು ಬಿಳಿ ಪರದೆ, ಸೀರೆ ಉಟ್ಟು ನಿಲ್ಲಲು ಒಬ್ಬ ಅತ್ತಿಗೆಯೋ ಅಕ್ಕನೋ. ಎರಡು ತಿಂಗಳಲ್ಲಿ ಗಿರಾಕಿಗಳು ಏನು ಕೇಳುತ್ತಾರೆ ಅಂತ ಬರೆದಿಡು. "ಬಣ್ಣದ ಮೇಲೆ ಹುಡುಕಕ್ಕೆ ಬರಲ್ಲ" ಅಂತ ಹತ್ತು ಜನ ಹೇಳಿದರೆ, ಆಗ ಅದು ಇರುವ ಥೀಮ್ ಕೊಳ್ಳು. ಅಪ್ಪನೂ ಒಪ್ಪುತ್ತಾರೆ.

ಪ್ರಶ್ನೆ: ಮೇಡಂ, ಅಂಥದ್ದೇ ಪ್ರೀಮಿಯಂ ಥೀಮನ್ನು ಗೆಳೆಯನೊಬ್ಬ 300 ರೂಪಾಯಿಗೆ ಕೊಡುತ್ತೇನೆ ಅನ್ನುತ್ತಾನೆ. ಅದು ಜಿಪಿಎಲ್, ಕಾನೂನು ಪ್ರಕಾರ ತಪ್ಪಿಲ್ಲ ಅಂತಾನೆ. ನಿಜವಾ?
ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಗೆಳೆಯ ಪೂರ್ತಿ ಸುಳ್ಳು ಹೇಳುತ್ತಿಲ್ಲ ತಮ್ಮ. ವರ್ಡ್‌ಪ್ರೆಸ್ ಜಿಪಿಎಲ್ ಲೈಸೆನ್ಸಿನ ಮೇಲೆ ಇದೆ, ಅಂದರೆ ಅದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು. ಥೀಮನ್ನು ನಡೆಸುವ ಪಿಎಚ್‌ಪಿ ಕೋಡ್ ಕೂಡ ಅದೇ ಲೈಸೆನ್ಸಿಗೆ ಬರುತ್ತದೆ ಅಂತ ವರ್ಡ್‌ಪ್ರೆಸ್‌ನವರು 2009ರಲ್ಲಿ ವಕೀಲರ ಅಭಿಪ್ರಾಯ ಪಡೆದು ಹೇಳಿದ್ದಾರೆ. ಚಿತ್ರ, ಬಣ್ಣ-ಅಳತೆ ಹೇಳುವ ಸಿಎಸ್‌ಎಸ್ ಕೋಡು ಬೇರೆ ಲೈಸೆನ್ಸಿನಲ್ಲಿ ಇರಬಹುದು. ಆದರೆ ನೀನು ಕೇಳಬೇಕಾದ ಪ್ರಶ್ನೆ ಬೇರೆ. ಆ ಫೈಲು ನಿನ್ನ ಕೈಗೆ ಬರುವ ಮುಂಚೆ ಯಾರ್ಯಾರು ತೆರೆದಿದ್ದಾರೆ?

ಒಮ್ಮೆ ನಾನೂ ಈ ಆಸೆಗೆ ಬಿದ್ದೆ. ನೆಂಟರೊಬ್ಬರ ಟ್ಯೂಷನ್ ಸೆಂಟರಿಗೆ ಎಲ್ಲಿಂದಲೋ ಇಳಿಸಿಕೊಂಡ ಥೀಮ್ ಹಾಕಿದೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಪೋಷಕರು ಫೋನ್ ಮಾಡಲು ಶುರು ಮಾಡಿದರು: "ನಿಮ್ಮ ಸೈಟ್ ಒತ್ತಿದರೆ ಜೂಜಾಟ ಬರ್ತದೆ." ನಾನು ತೆರೆದರೆ ಸರಿ ಇದೆ. ಹತ್ತು ಸಲ ತೆರೆದೆ, ಹತ್ತು ಸಲವೂ ಸರಿ. ಪೋಷಕರ ಫೋನೇ ಕೆಟ್ಟಿದೆ ಅಂತ ವಾದ ಮಾಡಿದೆ. ಕೊನೆಗೆ ಮಗನ ಫೋನಿನಲ್ಲಿ ಗೂಗಲ್‌ನಲ್ಲಿ ಹುಡುಕಿ ಒತ್ತಿದಾಗ ಗೊತ್ತಾಯಿತು. ಅದರೊಳಗಿನ ಕೋಡು ಲಾಗಿನ್ ಆದವರಿಗೆ ಏನೂ ತೋರಿಸುತ್ತಿರಲಿಲ್ಲ. ಗೂಗಲ್‌ನಿಂದ, ಅದೂ ಫೋನಿನಿಂದ ಬಂದವರನ್ನು ಮಾತ್ರ ಬೇರೆ ಕಡೆ ಎಳೆದುಕೊಂಡು ಹೋಗುತ್ತಿತ್ತು. ಥೀಮ್ ತೆಗೆದರೂ ಹೋಗಲಿಲ್ಲ. ಚಿತ್ರಗಳ ಫೋಲ್ಡರಿನೊಳಗೆ ಒಂದು ಪಿಎಚ್‌ಪಿ ಫೈಲು, ನಾನು ಮಾಡದ ಒಬ್ಬ ಅಡ್ಮಿನ್. ನಾಲ್ಕು ರಾತ್ರಿ ಹೋಯಿತು. ಆ ನೆಂಟರು ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ ರಮ್ಮಿ ಆಡೋಣವಾ ಅಂತ ರೇಗಿಸುತ್ತಾರೆ.

ಕಲಿಯಲು ಬೇಕಾದರೆ ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿ 10,000ಕ್ಕೂ ಹೆಚ್ಚು ಪುಕ್ಕಟೆ ಥೀಮ್‌ಗಳಿವೆ. ಅಲ್ಲಿಗೆ ಸೇರಿಸುವ ಮುಂಚೆ ಪರಿಶೀಲನೆ ಇರುತ್ತದೆ. ಆ 300 ರೂಪಾಯಿಗೆ ಗೆಳೆಯನನ್ನೇ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಕವನ, ಪ್ರಬಂಧ ಹಾಕಲು ಸೈಟ್ ಬೇಕು. ವರ್ಷಕ್ಕೆ ಇಷ್ಟು ಅಂತ ಕಟ್ಟುವ ಥೀಮ್ ಒಳ್ಳೆಯದೋ, ಒಂದೇ ಸಲ ಕಟ್ಟುವುದೋ?
ಹಿರಿಯೂರು

ಉತ್ತರ: ಎರಡೂ ಬೇಡ ಸರ್. ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್ ಸಾಕು. ಫಾಂಟ್ ಬದಲಿಸಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಸಾಲಿನ ನಡುವೆ ಜಾಗ ಜಾಸ್ತಿ ಕೊಡಿ. ಕವನ ಓದುವವರಿಗೆ ಹಾರಾಡುವ ಚಿತ್ರ ಬೇಕಿಲ್ಲ.

ಪ್ರಶ್ನೆ: ನಮ್ಮದು ಶೇಂಗಾ ಎಣ್ಣೆ ಗಾಣ. ಒಂದೂವರೆ ವರ್ಷದ ಹಿಂದೆ ಸೈಟು ಮಾಡಿಸಿದೆ, ಥೀಮಿಗೆ ಅಂತ ಹುಡುಗನಿಗೆ ಬೇರೆ ದುಡ್ಡು ಕೊಟ್ಟೆ. ಈಗ ಒಳಗೆ ಹೋದರೆ ಥೀಮಿನಲ್ಲಿ ಹಳೆಯ ವೂಕಾಮರ್ಸ್ ಟೆಂಪ್ಲೇಟ್ ಇವೆ ಅಂತ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರುತ್ತದೆ. ಆರು ತಿಂಗಳ ಸಪೋರ್ಟ್ ಮುಗಿದಿದೆ ಅಂತಾನೆ ಹುಡುಗ. ಈಗ ಫೋನೂ ಎತ್ತುವುದಿಲ್ಲ.
ಚಳ್ಳಕೆರೆ

ಉತ್ತರ: ಅಣ್ಣಾರೇ, ಆ ಎಚ್ಚರಿಕೆಗೆ ಗಾಬರಿ ಬೇಡ. ಕಾರ್ಟ್, ಪ್ರಾಡಕ್ಟ್ ಪುಟಗಳ ಫೈಲುಗಳನ್ನು ಥೀಮಿನವರು ತಮಗೆ ಬೇಕಾದಂತೆ ನಕಲು ಮಾಡಿಕೊಂಡಿರುತ್ತಾರೆ. ವೂಕಾಮರ್ಸ್ ಮುಂದೆ ಹೋದಾಗ ಅವರೂ ನಕಲನ್ನು ಬದಲಿಸಬೇಕು. ಸೈಟು ಇವತ್ತೇ ನಿಂತುಹೋಗುತ್ತದೆ ಅಂತಲ್ಲ, ಬಿಟ್ಟರೆ ಒಂದು ದಿನ ಆರ್ಡರ್ ಪುಟ ಕೈಕೊಡಬಹುದು.

ಹುಡುಗ ಹೇಳಿದ್ದರಲ್ಲಿ ಒಂದು ಗೊಂದಲ ಇದೆ. ಥೀಮ್‌ಫಾರೆಸ್ಟ್‌ನಲ್ಲಿ ಕೊಂಡಿದ್ದರೆ ಆರು ತಿಂಗಳಿಗೆ ಮುಗಿಯುವುದು ಸಪೋರ್ಟ್, ಅಂದರೆ ಪ್ರಶ್ನೆ ಕೇಳಿ ಉತ್ತರ ಪಡೆಯುವುದು. ಅಪ್‌ಡೇಟ್ ಮುಗಿಯುವುದಿಲ್ಲ. ಥೀಮ್ ಮಾರಾಟದಲ್ಲಿ ಇರುವವರೆಗೂ ಹೊಸ ಫೈಲು ಇಳಿಸಿಕೊಳ್ಳಬಹುದು. ಆದರೆ ಕೊಂಡವರ ಖಾತೆಯಿಂದ ಮಾತ್ರ, ಮತ್ತು ಖಾತೆ ಹುಡುಗನದು. ನೀವು ದುಡ್ಡು ಕೊಟ್ಟಿರಿ, ಬಿಲ್ ಅವನ ಹೆಸರಿಗೆ. ಓದುವವರೆಲ್ಲ ಇದೊಂದು ನೋಡಿಕೊಳ್ಳಿ: ಥೀಮ್, ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟು ಇಡುವ ಜಾಗ) ಮೂರನ್ನೂ ನಿಮ್ಮ ಇಮೇಲ್ ಹಾಕಿ, ನಿಮ್ಮ ಕಾರ್ಡಿನಿಂದ, ನಿಮ್ಮೆದುರಿಗೇ ಕೊಳ್ಳಿಸಿ. ಹುಡುಗನಿಗೆ ಕೆಲಸದ ಕೂಲಿ ಬೇರೆ ಕೊಡಿ.

ನಿಮಗೆ ಈಗ ಆಗಬೇಕಾದ್ದು: ಅಪ್‌ಡ್ರಾಫ್ಟ್‌ಪ್ಲಸ್ ಅನ್ನುವ ಪುಕ್ಕಟೆ ಪ್ಲಗಿನ್ ಹಾಕಿ ಇಡೀ ಸೈಟಿನ ಬ್ಯಾಕಪ್ ತೆಗೆದು ನಿಮ್ಮ ಗೂಗಲ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಡೊಮೇನ್ ಯಾರ ಇಮೇಲಿನಲ್ಲಿದೆ ಅಂತ ತಿಳಿದುಕೊಳ್ಳಿ. ಥೀಮಿಗಿಂತ ಅದು ಮುಖ್ಯ. ಥೀಮ್ ಹೋದರೆ ಇನ್ನೊಂದು ಸಿಗುತ್ತದೆ, ಡಬ್ಬದ ಮೇಲೆಲ್ಲ ಅಚ್ಚು ಹಾಕಿಸಿದ ವಿಳಾಸ ಹೋದರೆ ಸಿಗುವುದಿಲ್ಲ. ಹೊಸ ಥೀಮಿನ ಮಾತು ಇವೆರಡೂ ಆದ ಮೇಲೆ. ಹುಡುಗನಿಗೆ ಬೇರೆ ನಂಬರಿನಿಂದ ಒಂದು ಫೋನ್ ಮಾಡಿ ನೋಡಿ. ಎತ್ತಿದರೆ ಬೈಯಬೇಡಿ ಅಣ್ಣಾರೇ, ಪಾಸ್‌ವರ್ಡ್ ಇನ್ನೂ ಅವನ ಹತ್ತಿರವೇ ಇದೆ.